ಶಿರೂರ ದಿಬ್ಬದ ಜೀಪು

ಅಲ್ಲ ಬಾಳಮ್ಮ, ಇಷ್ಟೊತ್ತು ಹೇಳಿದ್ದು ಕಿವಿಗೆ ಬಿತ್ತೋ ಇಲ್ಲೋ? ಆಫೀಸಿನಾಗ ಬರೆಸ್ಕೊಂಡು ಬಂದ ಕಾಗದ ಇದು. ನಿನ್ನ ಗಂಡ ಚಂದಪ್ಪ ತನ್ನ ತಪ್ಪಿಗೇ ಜೀಪಿನ ಗಾಲಿಗೆ ಸಿಕ್ಕು ಸತ್ತ ಅಂತ... ಅಷ್ಟ. ನೀ ಹೆಬ್ಬೆಟ್ಟು ಒತ್ತಿದ್ರ ನನ್ನ ಡ್ರೈವರ್ ಕೆಲಸ ಉಳೀತೈತಿ. ಇಲ್ಲಂದ್ರ ಜೇಲು! ಹಂಗ್ಯಾಕ ನೋಡ್ತಿ?

ಖರೆ ಹೇಳ್ತೇನಿ ಕೇಳು. ಆಫೀಸಿನ ಸಾಹೇಬರ ಜೀಪು ಅಂದ್ರ ಮಿಲಿಟ್ರಿಯವರು ಮಾರಿದ ಹಳೇ ಗಾಡಿ, ಹ್ಯಾಂಡಬ್ರೇಕು ಹಿಡಿಯೂದಿಲ್ಲ. ಶಿರೂರ ದಿಬ್ಬದಾಗ ನಿಂದ್ರಿಸಿದ್ರ ಗೇರಿನಾಗ ಇಟ್ಟು, ಮುಂದಿನ ಗಾಲಿಗೆ ಕಲ್ಲು ಕೊಡಬೇಕು. ಹೊಂಡೂ ಮುಂದ ಚಂದಪ್ಪ, ತಾ ಏಳೂಮಟ ಗಾಡಿ ಚಾಲೂ ಆಗಬಾರದಂತ, ಚಾವಿ ತನ್ನ ಕಿಸೆದಾಗ ಹಾಕ್ಕೊಂಡು, ಬಗ್ಗಿ ಕಲ್ಲು ತಗೀತಿದ್ದ. ಎದ್ದು ಬಂದು ಚಾವಿ ನನ್ನ ಕೈಯಾಗ ಇಟ್ಟ ಮ್ಯಾಲೆ ಗಾಡಿ ಚಾಲೂ. ನಾಕು ವರ್ಷ ಹಂಗ ನಡೆಸೇವಿ. ಅವತ್ತೂ ಕೊಟ್ಟ! ಕೊಟ್ಟು, "ಹೂಂ ಗಾಳೆಪ್ಪ, ನಡಿ" ಅಂದ. ನಾ ಚಾಲೂ ಮಾಡಿದೆ. ಅಂವ ಮತ್ತ್ಯಾಕ ಹೋಗಿ ಬಗ್ಗಿದ್ನೋ... ದೇವರಿಗೇ ಗೊತ್ತು. ಗಾಡಿ ಜಿಗೀತು. ನಾ ತಕ್ಷಣ ಚಾವಿ ತಿರುವಿ ಬಂದ್ ಮಾಡಿದೆ. ತಕ್ಷಣ!

ಅಳಬ್ಯಾಡ... ಅಳಾಕತ್ತಿಲ್ಲೇನು? ಮತ್ತ ಆ ಗಂಟ್ಯಾಕ ಬಿಚ್ಚಾಕತ್ತಿ? ದವಾಖಾನಿಯವರು ಕೊಟ್ಟ ಅಂವನ ಅರಿವಿ ಅಲ್ಲೇನದು? ಬ್ಯಾಡ ತಂಗಿ, ಆ ರಕ್ತದ ಅಂಗಿ ನೋಡಾಕ ನನ್ನ ಕೈಲೆ ಆಗೂದಿಲ್ಲ... ಕಿಸೆದಾಗ ಯಾಕ ಕೈ ಹಾಕ್ತಿ?

ಚಾವಿ...

ಇದು ಬ್ಯಾರೆ ಇರಬೇಕು. ಎರಡು ಇದ್ವು. ಇದ್ವು ಅಂದ್ನೆಲ್ಲ! ಏನರ ಅನ್ನು ಬಾಳಮ್ಮ! ಬೈಯಿ, ಹೊಡಿ, ಆ ಚಾವಿ ಹಿಂಗ ನನ್ನ ಮುಂದ ಹಿಡೀಬ್ಯಾಡ!

ಒಂದ ಇತ್ತು. ಅಂವ ಕೊಟ್ಟಿರಲಿಲ್ಲ.

ಐತವಾರ ಸಾಹೇಬರಿಗೆ ತಿಳೀದಂಗ ಕೂಡಲಸಂಗಮಕ್ಕ ಬಾಡಿಗಿ ಮಂದೀನ ಒಯ್ತಿದ್ದೆ. ಅದಕ್ಕ, ಚಾವಿ ಇಲ್ಲದ ಚಾಲೂ ಮಾಡಾಕ, ಸ್ವಿಚ್ಚಿನ ಹಿಂದಿನ ಎರಡು ವಾಯರ್ ಹೊರಗ ಎಳೆದಿಟ್ಟಿದ್ದೆ. ಅವತ್ತು ಸಾಹೇಬರು ಚಾವಡಿಯಿಂದ "ಹೊತ್ತಾತು" ಅಂತ ಒದರಿದ್ರು. ಚಂದಪ್ಪ ಇನ್ನೂ ಬಗ್ಗಿದ್ದ. ಅಂವ ಏಳೂಮಟ ತಡೀಬೇಕಿತ್ತು... ತಡೀಲಿಲ್ಲ. ವಾಯರ್ ಜೋಡಿಸಿ, ಬಿಗಿಯಾಗಿ ತಿರುವಿ, ಕಾಲಾಗಿನ ಸೆಲ್ಫ್ ಸ್ಟಾರ್ಟರ್ ತುಳಿದೆ. ಗೇರಿನಾಗ ಐತಿ ಅನ್ನೂದು ಮರ್ತೆ. ಆ ಮ್ಯಾಲೆ ಬ್ರೇಕು ತುಳೀಬೇಕು ಅನ್ನೂದೂ ಹೊಳೀಲಿಲ್ಲ.

"ಬಂದ್ ಮಾಡೋ ಗಾಳೆಪ್ಪ" ಅಂತ ಗಾಲಿ ಕೆಳಗಿಂದ ಒದರಿದ. ಕೇಳಿಸ್ತು ನನಗ. ತಿರುವಾಕ ಚಾವೀನ ಇಲ್ಲ. ಬಿಗಿಯಾಗಿ ತಿರುವಿದ ವಾಯರ್ ಲಗೂನ ಬಿಚ್ಚಲಿಲ್ಲ... ಬಿಡಿಸೂದ್ರೊಳಗ ಅಂವ ಸುಮ್ಮನಾಗಿದ್ದ.