ಯೂಡೆಲನ ಕುರಿತೊಗಲ ಕೋಟು

ಬಿಡದೆ ಹೊಡೆದ ಮಳೆಗೆ ಸೈಬೀರಿಯಾದ ಬರ್ಗುಝಿನ್ ನದಿ ಉಕ್ಕಿ ಹರಿಯುತ್ತಿತ್ತು. ಕಾಡಿನ ಚಿನ್ನದ ಗಣಿಗಳಿಗೆ ಹಿಟ್ಟು ಸಾಗಿಸುವ ಗಾಡಿಯವರು ದಾಟಲಾಗದೆ ದ್ವೋಸ್ಯಾ ಅಜ್ಜಿಯ ಅಂಗಡಿಯಲ್ಲಿ ಒಲೆ ಸುತ್ತ ಕೂತಿದ್ದರು. ಕಳ್ಳರ ಮಾತು, ತೋಳದ ಮಾತು ಮುಗಿದು ದೆವ್ವದ ಮಾತು ಬಂತು. ಒಬ್ಬ ಗಹಗಹಿಸಿ ನಕ್ಕ. ಅಜ್ಜಿ ಅವನ ಲೋಟಕ್ಕೆ ಚಹಾ ಬಗ್ಗಿಸುತ್ತ ಶುರುಮಾಡಿದಳು.

"ನಗು ಮಗಾ, ನಗು. ನಮ್ಮಮ್ಮ ಶಿಫ್ರಾನೂ ಹೀಗೇ ನಗ್ತಿದ್ದವಳು... ನಮ್ಮ ಯೆಹೂದಿ ವ್ಯಾಪಾರಿಗಳಿಗೆಲ್ಲ ಆಗ ಚಿನ್ನದ ಹುಚ್ಚು. ದೊರೆ ಇಷ್ಟು ದೂರ ಅಟ್ಟಿದ ಮೇಲೆ ಇನ್ನೇನು ಮಾಡಬೇಕು ಹೇಳು? ನಮ್ಮಪ್ಪ ಗೆರ್ಶೋನ್, ಸೋದರಮಾವ ಯೂಡೆಲ್, ಇಬ್ಬರೂ ಬಟ್ಟೆ ವ್ಯಾಪಾರ ಬಿಟ್ಟು ಚಿನ್ನ ಸಿಗೋ ಒಂದು ಹಳ್ಳ ಗುತ್ತಿಗೆ ಹಿಡಿದು, ಹಿಮ ಕರಗ್ತಿದ್ದ ಹಾಗೇ ಕಾಡಿಗೆ ಹೋದ್ರು. ಬೇಸಿಗೆ ಕಳೀತು, ನದಿ ಹೆಪ್ಪುಗಟ್ಟಿತು... ಚಳಿಗಾಲದ ನಮ್ಮ ಹನುಕ್ಕಾ ಹಬ್ಬದ ದೀಪ ಹಚ್ಚೋ ಹೊತ್ತಿಗೆ ಅಪ್ಪ ಒಬ್ಬರೇ ಬಾಗಿಲಲ್ಲಿ ನಿಂತಿದ್ರು.

'ರೀ, ಯೂಡೆಲ್ ಎಲ್ಲಿ?'

'ಗಣಿ ಕಾಯ್ತಿದ್ದಾನೆ.'

ಅಷ್ಟೇ ಮಾತು. ಮೈಮೇಲೆ ಇದ್ದದ್ದು ಯಾರ ಕೋಟು ಗೊತ್ತಾ? ಯೂಡೆಲಂದು! ಅಮ್ಮನೇ ತಮ್ಮನಿಗೆ ಹೊಲಿದುಕೊಟ್ಟಿದ್ದ ಕುರಿತೊಗಲಿಂದು. ಆ ಚಳೀಲಿ ಯಾರಾದ್ರೂ ಕೋಟು ಬಿಚ್ಚಿ ಕೊಡ್ತಾರಾ? ಅಮ್ಮನ ತಲೇಲಿ ಹುಳ ಹೊಕ್ತು. ಚಿನ್ನ ಸಿಕ್ಕಿ, ಪಾಲು ಕೊಡೋ ಮನಸ್ಸಾಗದೆ ಮುಗಿಸಿಬಿಟ್ರಾ? ಬಾಗಿಲ ಚೌಕಟ್ಟಿಗೆ ಬಡಿದಿದ್ದ ದೇವರ ಅಕ್ಷರದ ಡಬ್ಬಿ ಮುಟ್ಟಿ ಮುತ್ತಿಡದೆ ಒಳಗೆ ಕಾಲಿಟ್ಟವರಲ್ಲ ಅಪ್ಪ. ಈಗ ತಲೆ ತಗ್ಗಿಸಿ ನುಸುಳಿ ಬರೋರು. ಕೊಂದ ಕೈ ಅದಕ್ಕೇ ಹಿಂಜರೀತಿದೆ ಅಂದ್ಕೊಂಡಳು. ಆದ್ರೂ ಗಂಡ ಅಲ್ವಾ? ಬಡಿಸಿದಳು, ಹಾಸಿಗೆ ಹಾಸಿದಳು, ಪಕ್ಕದಲ್ಲೇ ಮಲಗಿದಳು... ಅನುಮಾನ ಮಾತ್ರ ಮಲಗಲಿಲ್ಲ.

ಒಂದು ಮಧ್ಯಾಹ್ನ ತಡೀಲಾರದೆ ಕೇಳೇಬಿಟ್ಟಳು. 'ನನ್ನ ತಮ್ಮನ್ನ ಏನು ಮಾಡಿದ್ರಿ?'

ಅಪ್ಪ ಒಲೆ ಕಡೆಯಿಂದ ಮುಖ ತಿರುಗಿಸಲಿಲ್ಲ. 'ಅವನು ಒಳ್ಳೆಯವನು ಶಿಫ್ರಾ. ನನ್ನನ್ನ ಬೆಚ್ಚಗೆ ಕಳಿಸಿದ.'

ಅಷ್ಟರಲ್ಲಿ ಅಂಗಳದಲ್ಲಿ ಜಾರುಬಂಡಿ ನಿಂತ ಸದ್ದು. ಅಮ್ಮ ಓಡಿದಳು. ಯೂಡೆಲ್! ಮೂಳೆ ಚಕ್ಕಳ ಆಗಿದ್ದ, ಯಾರದೋ ಜಿಂಕೆ ಚರ್ಮ ಸುತ್ಕೊಂಡಿದ್ದ. ಅಮ್ಮನ ಕಾಲ ಹತ್ರ ಕುಸಿದು ಕೂತ.

'ಅಕ್ಕಾ... ಮೊದಲ ಹಿಮಕ್ಕೆ ಮುಂಚೇನೇ ಗುಂಡಿ ಕುಸೀತು. ಭಾವ ಹೋಗ್ಬಿಟ್ರು. ಹೊದಿಸೋಕೆ ಬಿಳಿ ಬಟ್ಟೇನೂ ಇರಲಿಲ್ಲ, ನನ್ನ ಕೋಟಲ್ಲೇ ಸುತ್ತಿ ಮಣ್ಣು ಮಾಡಿದೆ. ಆಮೇಲೆ ಜ್ವರ ಹಿಡಿದು ಕಾಡುಜನರ ಗುಡಾರದಲ್ಲಿ ಬಿದ್ದಿದ್ದೆ, ಬರೋಕಾಗಲಿಲ್ಲ.'

ಅಮ್ಮ ಒಳಗೆ ಬಂದು ನೋಡಿದ್ರೆ... ಒಲೆ ಮುಂದೆ ಯಾರಿದ್ರು? ಯಾರೂ ಇಲ್ಲ. ಬೆಂಚಿನ ಮೇಲೆ ಕೋಟು ಬಿದ್ದಿತ್ತು. ಅದರೊಳಗೆಲ್ಲ ಕೆಂಪು ಜೇಡಿಮಣ್ಣು."

ಅಜ್ಜಿ ಒಲೆಗೆ ಸೌದೆ ತುರುಕಿದಳು. ನಕ್ಕಿದ್ದ ಗಾಡಿಯವನು ಕೇಳಿದ.

"ಆಗ ನೀವೆಷ್ಟು ದೊಡ್ಡವರಿದ್ರಿ, ಅಜ್ಜಿ?"

"ನಾನಾ? ನಾನಿನ್ನೂ ಹುಟ್ಟಿರಲಿಲ್ಲ ಕಣೋ. ಹುಟ್ಟಿದ್ದು ಮುಂದಿನ ವರ್ಷ, ಮೊದಲ ಹಿಮ ಬೀಳೋ ಕಾಲಕ್ಕೆ. ಊರೋರು ಅಮ್ಮನ್ನ ಏನೇನೋ ಅಂದ್ರು... ತೊಟ್ಟಿಲಲ್ಲಿ ಅಪ್ಪನ ಮೂಗು, ಅಪ್ಪನ ಕಣ್ಣು ಕಂಡ ಮೇಲೆ ಬಾಯಿ ಮುಚ್ಕೊಂಡ್ರು. ಯಾಕೋ ಮಗಾ, ದೂರ ಸರೀತೀಯಾ? ಚಹಾ ಆರೋಗತ್ತೆ, ಕುಡಿ."