ಅಜ್ಜಿಯ ಸ್ವಂತ ದನಿ

ಕೊಟ್ಟೂರು ಬಸ್ಸಿಗಾಗಿ ಹರಪನಹಳ್ಳಿ ನಿಲ್ದಾಣದಲ್ಲಿ ಕುಳಿತಿದ್ದ ಹಾಲೇಶಪ್ಪನವರ ಕಿವಿ ಪಕ್ಕದ ಮಾತಿನತ್ತ ಹೊರಳಿತು. ಮದುವೆ ವಿಡಿಯೊ ತೆಗೆಯುವ ಮುನಾವರ ಮತ್ತು ಟೇಲರ್ ಶಾಂಭವಿ ತಾವು ಮಾಡಿದ ಕಿರುಚಿತ್ರಕ್ಕೆ ಚಿತ್ರೋತ್ಸವದಿಂದ ಬಂದ ಉತ್ತರವನ್ನು ಮೊಬೈಲಿನಲ್ಲಿ ನೋಡುತ್ತಿದ್ದರು.

“ಇನ್ನೊಮ್ಮೆ ಓದ್ರಿ ಅಕ್ಕಾರ.”

“‘ಅಜ್ಜಿಯ ಸ್ವಂತ ದನಿ ಇರುವ ಪ್ರತಿಯನ್ನು ಶುಕ್ರವಾರದೊಳಗೆ ಕಳಿಸಿದರೆ ಆಯ್ಕೆ ಮಾಡುತ್ತೇವೆ.’”

“ನಮ್ಮ ಮಾತು ಬೆಂಗಳೂರಾಗ ತಿಳಿಯಂಗಿಲ್ಲ ಅಂತ ಟೀಚರ್ ಕಡಿಂದ ಡಬ್ಬಿಂಗ್ ಮಾಡ್ಸಿದ್ವಲ್ರಿ!”

“ನಾಗಲಿಂಗಮ್ಮಜ್ಜಿ ಆಡಿದ ಮಾತು ಇಟ್ಟಿಯೇನು?”

“ಇಲ್ರಿ. ಮದ್ವಿ ವಿಡಿಯೊಕ್ಕ ಹಾಡು ಹಾಕಿ ಮಾತು ಅಳಸ್ತೀವಲ್ಲ, ಅದೇ ರೂಢಿ.”

“ನಿನ್ನ ರೂಢಿಗಿಷ್ಟು ಬೆಂಕಿ ಹಚ್ಚ! ಐದು ವರ್ಷದಿಂದ ಪಿಚ್ಚರ್ ಕಳಸ್ತೀವಿ, ಇದೊಂದೇ ಉತ್ತರ ಬಂದೈತಿ.”

“ದೊಡ್ಡ ಪರದಿ ಮ್ಯಾಲೆ ಒಮ್ಮೆ ನಮ್ಮ ಹೆಸರು ನೋಡಬೇಕ್ರಿ ಅಕ್ಕಾರ.”

“ನನಗೇನು ಆಸಿ ಇಲ್ಲೇನು? ಆದ್ರ ಪಿಚ್ಚರ್‌ನಾಗ ಅಜ್ಜಿ ಮಗಳನ್ನ ಕರಿಯೋ ಆ ಮಾತು, ಮತ್ತ ಹಂಗ ಕರದಾಳೇನೋ ಆಕಿ?”

“ಕರೀತಾಳ್ರಿ. ಪಿಚ್ಚರ್ ತೋರಿಸಿದ ದಿನ ‘ಮುಖ ನಂದೈತಿ, ನಾನೆಲ್ಲದೀನಿ?’ ಅಂತ ಕೇಳಿದ್ಲು. ನಾವು ನಕ್ಕು ಬಿಟ್ವಿ.”

ಶಾಂಭವಿ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ನಾಗಲಿಂಗಮ್ಮನ ಊರಾದ, ಅದೇ ತಾಲ್ಲೂಕಿನ ಅರಸೀಕೆರೆಗೆ ಹೋಗುವ ಬಸ್ ಬಂದು ನಿಂತಿತು. ಇಬ್ಬರೂ ಎದ್ದರು.

“ಈಗ ಹೋದ್ರ ಮೊದ್ಲು ಬೈತಾಳ್ರಿ.”

“ಬೈಲಿ ಬಿಡೋ. ಅದನ್ನೂ ರೆಕಾರ್ಡ್ ಮಾಡ್ಕೊ. ಈ ಸಲ ಏನೂ ಅಳಸಬ್ಯಾಡ.”