ಕೊನೆಯ ಗೋಲನ್ನು ಕಾಪಾಡಿಕೊಂಡವನು

ಪ್ರಿಯ ಸಹೋದರ ಸಹೋದರಿಯರೇ, ಹಬ್ಬದ ದಿನ ಗುರುಗಳ ಮಾತು ಉದ್ದವಾದರೆ ಯಾರಿಗೂ ಹಿಡಿಸುವುದಿಲ್ಲ, ಅದು ನನಗೂ ಗೊತ್ತು. ಚರ್ಚಿನ ಹಿತ್ತಲಲ್ಲಿ ಒಗ್ಗರಣೆ ಹಾಕುತ್ತಿರುವ ಘಮ ನನ್ನ ಮೂಗಿಗೂ ಬರುತ್ತಿದೆ. ಅದಕ್ಕೇ ಒಬ್ಬ ಶ್ರೀಮಂತನ ಕಥೆ ಹೇಳಿ ನಿಮ್ಮನ್ನು ಬಿಟ್ಟುಬಿಡುತ್ತೇನೆ. ಯಾವ ಊರು, ಯಾರ ಮಗ ಅಂತ ಆಮೇಲೆ ನನ್ನನ್ನು ಬಾಗಿಲಲ್ಲಿ ಅಡ್ಡಹಾಕಿ ಕೇಳಬೇಡಿ. ಒಂದು ಊರು ಅಂದುಕೊಳ್ಳಿ, ಸಾಕು.

ಈ ಶ್ರೀಮಂತ ಜಮೀನಿನಿಂದ ಶ್ರೀಮಂತನಾದವನಲ್ಲ, ವ್ಯಾಪಾರದಿಂದಲೂ ಅಲ್ಲ. ಚೆಂಡು ಒದ್ದು ಶ್ರೀಮಂತನಾದವನು. ನೋಡಿ, ನಾವು ನೀವು ಚೆಂಡು ಒದ್ದರೆ ಏನಾಗುತ್ತದೆ? ಪಕ್ಕದ ಮನೆಯ ಕಿಟಕಿ ಒಡೆಯುತ್ತದೆ. ಅವನು ಒದ್ದರೆ ಗೋಲಾಗುತ್ತಿತ್ತು. ಗೋವಾದಲ್ಲಿ ಆಡಿದ, ಕೋಲ್ಕತ್ತಾದಲ್ಲಿ ಆಡಿದ, ಹದಿನೇಳು ವರ್ಷ ದೊಡ್ಡ ದೊಡ್ಡ ಕ್ಲಬ್ಬುಗಳಿಗೆ ಆಡಿದ. ಊರಿಗೆ ಮರಳಿ ಮೂರಂತಸ್ತಿನ ಮನೆ ಕಟ್ಟಿಸಿದ, ಕಾರು ಕೊಂಡ, ಆಟದ ಸಾಮಾನಿನ ಅಂಗಡಿ ಇಟ್ಟ. ಇದರಲ್ಲಿ ತಪ್ಪೇನಿದೆ? ಬೆವರು ಸುರಿಸಿ ಗಳಿಸಿದ್ದು, ಅನುಭವಿಸಲಿ. ಶ್ರೀಮಂತ ಅಂದ ಕೂಡಲೇ ಬೈಯುವುದು ನನ್ನ ಪದ್ಧತಿಯಲ್ಲ.

ಹಾಗಾದರೆ ಅವನು ಎಡವಿದ್ದೆಲ್ಲಿ? ಕೇಳಿ. ಅವನು ಆಡಿದ ಕೊನೆಯ ಪಂದ್ಯದ ಕೊನೆಯ ನಿಮಿಷ. ಮೂವತ್ತು ಗಜ ದೂರದಿಂದ ಒದ್ದ ಚೆಂಡು ಬಲೆಯ ಮೂಲೆಗೆ ಹೋಗಿ ಬಿತ್ತು. ಇಡೀ ಮೈದಾನ ಎದ್ದು ನಿಂತಿತು. ರೆಫರಿ ಶಿಳ್ಳೆ ಊದಿದ, ಗೆಳೆಯರು ಹೆಗಲ ಮೇಲೆ ಹೊತ್ತು ಮೆರೆಸಿದರು. ಆ ಹೆಗಲ ಮೇಲೆ ಕೂತಿದ್ದಾಗಲೇ ಅವನಿಗೊಂದು ಯೋಚನೆ ಬಂತು. ನಾನು ಒದ್ದ ಕೊನೆಯ ಚೆಂಡು ಗೋಲಾಯಿತು. ಇನ್ನು ಒದೆಯದೇ ಇದ್ದರೆ ಯಾವತ್ತಿಗೂ ಅದೇ ಕೊನೆಯದಾಗಿ ಉಳಿಯುತ್ತದೆ!

ಅಷ್ಟೇ. ಒಂಬತ್ತು ವರ್ಷ ಅವನು ಚೆಂಡಿಗೆ ಕಾಲು ತಾಗಿಸಲಿಲ್ಲ. ಒಂಬತ್ತು ವರ್ಷ! ಅವತ್ತಿನ ಬೂಟನ್ನು ಮೆತ್ತಿದ ಮಣ್ಣಿನ ಸಮೇತ ಗಾಜಿನ ಬೀರುವಿನಲ್ಲಿಟ್ಟ. ಬೀದಿಯಲ್ಲಿ ಚೆಂಡು ಉರುಳಿಕೊಂಡು ಬಂದರೆ ಬಗ್ಗಿ ಕೈಯಲ್ಲಿ ಎತ್ತಿ, ಹಸುಗೂಸನ್ನು ಕೊಡುವ ಹಾಗೆ ವಾಪಸು ಕೊಡುತ್ತಿದ್ದ. ಸ್ವಂತ ಮಗಳು ಅಂಗಳದಲ್ಲಿ ನಿಂತು, ಒಂದೇ ಒಂದು ಸಲ ಒದಿಯಪ್ಪಾ ಅಂತ ಗೋಗರೆದರೆ ಮೊಣಕಾಲು ನೋವು ಅನ್ನುತ್ತಿದ್ದ. ಮೊಣಕಾಲು ಗಟ್ಟಿಯಾಗಿಯೇ ಇತ್ತು. ಕೊನೆಗೆ ಮಗಳು ಕರೆಯುವುದನ್ನೇ ಬಿಟ್ಟಳು. ನನಗೆ ಅವನ ಮೇಲೆ ಕೋಪ ಬರುವುದಿಲ್ಲ, ಅಯ್ಯೋ ಪಾಪ ಅನ್ನಿಸುತ್ತದೆ.

ಈಗ ಆ ಊರಿನ ಚರ್ಚಿನ ಹಬ್ಬಕ್ಕೆ ಬನ್ನಿ. ಹಬ್ಬದ ಮಧ್ಯಾಹ್ನ ಅಲ್ಲಿ ಮದುವೆಯಾದವರಿಗೂ ಆಗದವರಿಗೂ ಫುಟ್ಬಾಲ್ ಪಂದ್ಯ. ಅದರಲ್ಲೊಂದು ತಮಾಷೆಯ ಕಟ್ಟಳೆ ಇದೆ. ಮದುವೆಯಾದವರ ತಂಡವನ್ನು ಆರಿಸುವವರು ಯಾರು? ಗಂಡಂದಿರಲ್ಲ, ಹೆಂಡತಿಯರು. ಅವರೆಲ್ಲ ಕೂತು ಚೀಟಿ ಬರೆಯುತ್ತಾರೆ, ಮೈಕಿನಲ್ಲಿ ಓದಿಸುತ್ತಾರೆ. ಹೆಸರು ಬಂದವನು ಇಳಿಯಲೇಬೇಕು. ಬೆನ್ನು ನೋವು, ಸಕ್ಕರೆ ಕಾಯಿಲೆ, ಯಾವ ಸಬೂಬೂ ನಡೆಯುವುದಿಲ್ಲ. ನಮ್ಮ ಶ್ರೀಮಂತ ಮಾತ್ರ ಪ್ರತಿ ವರ್ಷ ಮುಖ್ಯ ಅತಿಥಿಯಾಗಿ ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಭದ್ರವಾಗಿ ಕೂರುತ್ತಿದ್ದ.

ಆ ವರ್ಷ ಹಬ್ಬಕ್ಕೆ ನಾಲ್ಕು ದಿನ ಮೊದಲು ಹೆಂಡತಿ ಬಟ್ಟೆ ಒಣಹಾಕಲು ತಾರಸಿಗೆ ಹೋದಳು. ಹೋಗಿ ನೋಡಿದರೆ ಗಂಡ! ಒಬ್ಬನೇ, ಚೆಂಡಿಲ್ಲದೆ, ಗಾಳಿಯನ್ನು ಒದೆಯುತ್ತಿದ್ದಾನೆ. ಬಲಕ್ಕೆ ಬಾಗುತ್ತಾನೆ, ಎಡಕ್ಕೆ ನುಸುಳುತ್ತಾನೆ, ಮುಖದ ತುಂಬ ನಗು. ಅವಳ ಹೆಜ್ಜೆ ಸದ್ದು ಕೇಳಿದ್ದೇ ತಡ, ತಂತಿಯ ಮೇಲೆ ಒಣಗಿದ್ದ ಟವೆಲ್ಲನ್ನು ಹಿಡಿದು ಹಿಂಡುತ್ತಾ ನಿಂತುಬಿಟ್ಟ. ಅವಳು ಬಟ್ಟೆ ಒಣಹಾಕಿ ಕೆಳಗಿಳಿದಳು.

ಹಬ್ಬದ ದಿನ ಮೈಕಿನಲ್ಲಿ ಹತ್ತು ಹೆಸರು ಓದಿದರು. ಹನ್ನೊಂದನೆಯದು ಮುಖ್ಯ ಅತಿಥಿಯದು. ಜನ ತಮ್ಮ ಕಿವಿಯನ್ನು ತಾವೇ ನಂಬಲಿಲ್ಲ. ಅವನು ಹಾರದ ಸಮೇತ ವೇದಿಕೆ ಇಳಿದು ನೇರವಾಗಿ ಹೆಂಡತಿಯ ಹತ್ತಿರ ಹೋದ.

"ನೀನೇ ಬರ್ದಿದ್ದಾ?"

"ಹೂಂ ರೀ, ನಾನೇ ಬರ್ದಿದ್ದು. ಒಂಬತ್ತು ವರ್ಷದಿಂದ ಆ ಗಾಜಿನ ಬೀರು ಒರೆಸಿ ಒರೆಸಿ ನಂಗೆ ಸಾಕಾಗಿದೆ. ನಾನು ಮದ್ವೆ ಆಗಿದ್ದು ಆಟ ಆಡೋನನ್ನ. ಇಳೀರಿ."

"ಎಲ್ಲರ ಮುಂದೆ ಬಿದ್ದುಬಿಟ್ರೆ?"

"ಬಿದ್ರೆ ಎತ್ತೋಕೆ ಇಷ್ಟು ಜನ ಇದ್ದಾರಲ್ಲ."

ಪ್ಯಾಂಟು ಮಡಚಿ ಬರಿಗಾಲಲ್ಲಿ ಇಳಿದ. ಹದಿನೇಳು ವರ್ಷ ಗಳಿಸಿದ ಹೆಸರು ಪೂರ್ತಿ ಆ ಬಲಗಾಲಿನಲ್ಲಿತ್ತು. ಮೊದಲ ಚೆಂಡು ಬಂತು, ಬೀಸಿ ಒದ್ದ. ಚೆಂಡು ಅಲ್ಲೇ ಉಳಿಯಿತು, ಕಾಲು ಮೇಲೆ ಹೋಯಿತು, ಮನುಷ್ಯ ಕೆಳಗೆ ಬಿದ್ದ! ಆಮೇಲೆ ಅಂಗಾತ ಬಿದ್ದಿದ್ದ ಅವನೇ ಮೊದಲು ನಕ್ಕ. ಅವನು ನಕ್ಕಿದ್ದೇ ಸರಿ, ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಡೊಳ್ಳುಹೊಟ್ಟೆಯ ಬೇಕರಿಯವನಿಗೆ ಚೆಂಡು ದಾಟಿಸಿದ, ಅವನು ಜನ್ಮದಲ್ಲಿ ಮೊದಲ ಬಾರಿ ಗೋಲು ಹೊಡೆದು ಅತ್ತೇಬಿಟ್ಟ. ಕೊನೆಯ ನಿಮಿಷದಲ್ಲಿ ಮದುವೆಯಾದವರಿಗೆ ಒಂದು ಪೆನಾಲ್ಟಿ ಸಿಕ್ಕಿತು. ಒದ್ದರೆ ಗೋಲ್‌ಕೀಪರ್ ಒಬ್ಬನೇ ಎದುರಿಗೆ, ಗೋಲಾದರೆ ಪಂದ್ಯ ಸಮ. ಎಲ್ಲರೂ ಇವನನ್ನೇ ಮುಂದೆ ತಳ್ಳಿದರು. ಒದ್ದ. ಚೆಂಡು ಕಂಬದ ಮೇಲೆ ಹಾರಿತು, ಕಾಂಪೌಂಡ್ ಗೋಡೆಯ ಮೇಲೆ ಹಾರಿತು, ಸಿಸ್ಟರುಗಳ ಮಠದ ಹೆಂಚಿನ ಮೇಲೆ ಹೋಗಿ ಕೂತಿತು! ಮದುವೆಯಾದವರು ಸೋತರು. ಸೋತರೂ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವತ್ತು ಹೊತ್ತವರಲ್ಲಿ ಅವನ ಮಗಳೂ ಇದ್ದಳು.

ಮರುದಿನ ಬೆಳಿಗ್ಗೆ ಹೆಂಡತಿ ಎದ್ದು ನೋಡಿದರೆ ಬೀರು ಖಾಲಿ. ಗಂಡ ಬಾಗಿಲಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದಾನೆ, ಮಗಳು ಚೆಂಡಿಗೆ ಗಾಳಿ ತುಂಬುತ್ತಿದ್ದಾಳೆ. ಎಲ್ಲಿಗೆ ಹೊರಟಿರಿ ಅಂತ ಕೇಳಿದಳು.

"ಕೊನೇದು ಹೊರಗೆ ಹೋಯ್ತಲ್ಲೇ. ಅದನ್ನ ಹಂಗೇ ಬಿಡೋಕಾಗುತ್ತಾ?" ಅಂದ.

ನಗುತ್ತಿದ್ದೀರಿ. ನಗಿ, ಆದರೆ ಈಗ ನಿಮ್ಮ ಸರದಿ. ನಿಮ್ಮ ಬೀರುವಿನಲ್ಲಿ ಏನಿದೆ? ಹತ್ತು ವರ್ಷದ ಹಿಂದೆ ಒಮ್ಮೆ ಧಾರಾಳವಾಗಿ ಕೊಟ್ಟಿರಿ, ನಿಮ್ಮ ಹೆಸರು ಬೆಂಚಿನ ಮೇಲೆ ಕೆತ್ತಿದೆ. ಆಮೇಲೆ ಕೈ ಬಿಚ್ಚಿದ್ದೀರಾ? ಬೆಂಚು ಸವರಿ ನೋಡಬೇಡಿ, ನಾನು ಯಾರನ್ನೂ ತೋರಿಸಿ ಹೇಳುತ್ತಿಲ್ಲ. ನನ್ನದನ್ನೇ ಹೇಳಲೇ? ಒಂದು ಈಸ್ಟರ್ ಹಬ್ಬದಲ್ಲಿ ನನ್ನ ಪ್ರಬೋಧನೆಯನ್ನು ನೀವೆಲ್ಲ ಹೊಗಳಿದಿರಿ. ಹೊಗಳಿಕೆ ಕಳೆದುಕೊಳ್ಳುವ ಭಯಕ್ಕೆ ಮುಂದಿನ ಎರಡು ವರ್ಷ ಅದನ್ನೇ ತಿರುಗಿಸಿ ಮುರುಗಿಸಿ ಹೇಳಿದೆ. ಪುಣ್ಯವಂತರು ನೀವು, ಗೊತ್ತಿದ್ದೂ ಸುಮ್ಮನೆ ಕೇಳಿದಿರಿ.

ದೇವರು ವರವನ್ನು ಒಂದು ಸಲ ಚೆನ್ನಾಗಿ ಮಾಡಿ ಮುಗಿಸಿ ಅಂತ ಕೊಟ್ಟಿಲ್ಲ. ಮಾಡುತ್ತಾ ಇರಿ ಅಂತ ಕೊಟ್ಟಿದ್ದಾನೆ. ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಹಿಂದೆ ನಿಮಗೆ ಚೆನ್ನಾಗಿ ಬರುತ್ತಿದ್ದು, ಈಗ ಹೆಸರು ಕೆಡುತ್ತದೆಂದು ಬಿಟ್ಟದ್ದು ಯಾವುದೋ, ಅದನ್ನು ನಿಮ್ಮ ಮನೆಯವರ ಮುಂದೆಯೇ ಮಾಡಿ. ಕೆಟ್ಟದಾಗಿ ಬಂದರೆ ಬರಲಿ. ಅವರು ನಕ್ಕರೆ ನೀವೂ ನಗಿ. ಮಾರನೆಯ ದಿನ ಮತ್ತೆ ಮಾಡಿ.

ಶುರು ಇಲ್ಲಿಂದಲೇ ಆಗಲಿ. ಮೂರನೇ ಸಾಲಿನಲ್ಲಿ ನಮ್ಮ ಜಪಮಾಲಮ್ಮನವರು ಕೂತಿದ್ದಾರೆ. ಬೆರಳು ಮೊದಲಿನ ಹಾಗೆ ಓಡುವುದಿಲ್ಲವೆಂದು ಆರು ವರ್ಷದಿಂದ ಅವರು ಹಾರ್ಮೋನಿಯಂ ಮುಟ್ಟಿಲ್ಲ. ಅಮ್ಮಾ, ಎದ್ದು ಬನ್ನಿ. ಶ್ರುತಿ ತಪ್ಪಿದರೆ ನಾವೂ ತಪ್ಪಾಗಿಯೇ ಹಾಡುತ್ತೇವೆ. ಅವರಿಗೆ ಸ್ವಲ್ಪ ದಾರಿ ಬಿಡಿ.